ಪೆದ್ದತುಂಬಳಂ ದಾರಿಗೆ ಯಾವ ಗಿಡ?

ಆದವಾನಿಯಿಂದ ಪೆದ್ದತುಂಬಳಂನ ಪಾರ್ಶ್ವಮಣಿ ತೀರ್ಥಕ್ಕೆ ಹೋಗುವ ಯಾತ್ರಿಕ ಬಂಧುಗಳಿಗೆ ದಾರಿಯುದ್ದಕ್ಕೂ ಕಾಣುವುದು ಎರಡೇ. ಒಂದು ಹತ್ತಿ ಬೆಳೆಯುವ ಎರೆ ಹೊಲ. ಇನ್ನೊಂದು, ಬದು, ಹಳ್ಳ, ಬೀಳು ಜಾಗ ಎಲ್ಲವನ್ನೂ ಹಿಡಿದುಕೊಂಡಿರುವ ಬಳ್ಳಾರಿ ಜಾಲಿ. ಬೇಸಿಗೆಯಲ್ಲಿ ಹೊಲ ಕೈ ತೂರುವಷ್ಟು ಬಿರಿದಾಗಲೂ ಈ ಜಾಲಿ ಹಸಿರಾಗಿಯೇ ಇರುತ್ತದೆ. ಪರಊರಿನ ನೆಂಟರು "ಪರವಾಗಿಲ್ಲ, ನಿಮ್ಮ ಸೀಮೆಯಲ್ಲೂ ಹಸಿರುಂಟು" ಎನ್ನುತ್ತಾರೆ.

ಹೆಸರಿನಲ್ಲಿ ಬಳ್ಳಾರಿ ಇದೆಯೇ ಹೊರತು ಗಿಡ ಬಳ್ಳಾರಿಯದಲ್ಲ. (ನಮ್ಮ ಆದವಾನಿ, ಆಲೂರು ತಾಲ್ಲೂಕುಗಳೇ 1953ರವರೆಗೆ ಬಳ್ಳಾರಿ ಜಿಲ್ಲೆಯವು, ಆಂಧ್ರ ರಾಜ್ಯವಾದಾಗ ಕರ್ನೂಲಿಗೆ ಸೇರಿದವು.) ಅದು ಅಮೆರಿಕ ಖಂಡದ ಬೀಜ. 1877ರಲ್ಲಿ ಕಡಪ ಜಿಲ್ಲೆಯ ಕಮಲಾಪುರಂನಲ್ಲಿ ಅರಣ್ಯ ಇಲಾಖೆಯವರು ಬೆಳೆಸಿದರು. ಬಡವರ ಒಲೆಗೆ ಸೌದೆ ಕೊಟ್ಟದ್ದು ನಿಜ, ಅದನ್ನು ಮರೆಯಬಾರದು. ಆದರೆ ಅದರ ಮೆಳೆಯಲ್ಲಿ ಬೇರೆ ಗಿಡ ತಲೆ ಎತ್ತುವುದು ಕಷ್ಟ. ಅದರ ದಾಯಾದಿಯಾದ ನಮ್ಮ ಬನ್ನಿಯನ್ನು ದಸರೆಯ ದಿನ ಹುಡುಕಿಕೊಂಡು ಹೋಗಬೇಕಾಗಿದೆ.

ಈಗ ನಮ್ಮ ಸಮಾಜದಲ್ಲೂ ಗಿಡ ನೆಡಿಸುವ ಉತ್ಸಾಹ ಬಂದಿದೆ. ಮದುವೆಗೆ, ಪಾರಣೆಗೆ "ನಮ್ಮ ಹೆಸರಿನಲ್ಲಿ ನೂರು ಗಿಡ" ಎಂದು ಬರೆಸುತ್ತಾರೆ. ಸಂತೋಷವೇ. ಆದರೆ ಸರಕು ನೋಡದೆ ಹುಂಡಿ ಬರೆಯುವ ವ್ಯಾಪಾರಿ ಉಂಟೇ? ನರ್ಸರಿಯವನು ಬೇಗ ಬೆಳೆಯುವುದನ್ನು ಕೊಡುತ್ತಾನೆ. ಹಾಗೆ ಬಂದದ್ದೇ ಕೋನೋಕಾರ್ಪಸ್. ಗುಜರಾತ್ ಸರ್ಕಾರ 2023ರಲ್ಲಿ ಅದನ್ನು ನೆಡುವುದನ್ನೇ ನಿಷೇಧಿಸಿತು.

ಯಾವುದನ್ನು ನೆಡಬೇಕೆಂದು ಹುಡುಕಲು ನಾವು ದೂರ ಹೋಗಬೇಕಿಲ್ಲ. ಪಂಚ ಉದುಂಬರಗಳನ್ನು ಶ್ರಾವಕರು ತಿನ್ನುವುದಿಲ್ಲ: ಆಲ, ಅರಳಿ, ಅತ್ತಿ, ಬಸರಿ, ಕಾಡತ್ತಿ. ಒಳಗೆ ಜೀವಗಳಿವೆ ಎಂದು ಮನೆಯ ಹಿರಿಯರು ಹೇಳಿಕೊಟ್ಟರು. ಸಸ್ಯಶಾಸ್ತ್ರದವರೂ ಅದನ್ನೇ ಹೇಳುತ್ತಾರೆ. ಎಳ್ಳುಕಾಳಿಗಿಂತ ಚಿಕ್ಕ ಕಣಜಗಳು ಆ ಕಾಯಿಯೊಳಗೇ ಹುಟ್ಟಿ, ಒಂದು ಮರದ ಪರಾಗವನ್ನು ಇನ್ನೊಂದಕ್ಕೆ ಒಯ್ಯುತ್ತವೆ. ಒಂದೊಂದು ಜಾತಿಯ ಮರಕ್ಕೆ ಅದರದೇ ಕಣಜ. ಆ ಕಣಜವಿಲ್ಲದಿದ್ದರೆ ಆ ಮರಕ್ಕೆ ಬೀಜವಿಲ್ಲ. ನಾವು ಬಿಟ್ಟ ಆ ಹಣ್ಣನ್ನು ಗಿಳಿ, ಮೈನಾ, ಕುಟ್ರುಹಕ್ಕಿ, ಬಾವಲಿಗಳು ತಿನ್ನುತ್ತವೆ. ಬೇರೆ ಹಣ್ಣಿಲ್ಲದ ತಿಂಗಳಲ್ಲೂ ಯಾವುದೋ ಒಂದು ಆಲ, ಅತ್ತಿ ಕಾಯಿ ಬಿಟ್ಟಿರುತ್ತದೆ. ಆದಿನಾಥ ಸ್ವಾಮಿಗೆ ಕೇವಲಜ್ಞಾನವಾದದ್ದೂ ಆಲದ ಕೆಳಗೇ. ಮಹಾವೀರ ಸ್ವಾಮಿಯ ಶಾಲವೃಕ್ಷ ನಮ್ಮ ಎರೆಯಲ್ಲಿ ಬಾಳದು, ಅದಕ್ಕೆ ಹಟ ಹಿಡಿಯುವುದು ಬೇಡ.

ಗುಂಡಿ ತೋಡುವುದೂ ನೀರು ಹೊಯ್ಯುವುದೂ ಆರಂಭ ಹಿಂಸೆಯಲ್ಲವೇ ಎಂದು ಕೇಳುವವರಿದ್ದಾರೆ. ಗೋದಾಮಿನ ಪಾಯ ತೋಡುವಾಗ ಆ ಪ್ರಶ್ನೆಯನ್ನು ಯಾರೂ ಕೇಳಿದ್ದಿಲ್ಲ.

ಹಾಗೆಂದು ಕಂಡ ಬಯಲಿಗೆಲ್ಲ ಗಿಡ ತುಂಬಬಾರದು. ಕೃಷ್ಣಮೃಗಕ್ಕೆ ಬಯಲು ಹುಲ್ಲೇ ಬೇಕು. ಗಡಿಯಾಚೆಯ ಸಿರುಗುಪ್ಪ ಸೀಮೆಯ ಎರ್ಲಡ್ಡು ಹಕ್ಕಿ ನೆಲದ ಮೇಲೆ ಮೊಟ್ಟೆಯಿಡುತ್ತದೆ, ಅದಕ್ಕೂ ಬಯಲೇ ಮನೆ. ಗೋಡೆಗೆ ಹತ್ತಿರವೂ ಆಲ ಬೇಡ, ಬೇರು ಪಾಯಕ್ಕೆ ಹೋಗುತ್ತದೆ. ರಸ್ತೆಯಂಚಿನಲ್ಲಿ ನೆಟ್ಟರೆ ಅಗಲೀಕರಣದಲ್ಲಿ ಹೋಗುತ್ತದೆ. ಕೆರೆಯ ಹತ್ತಿರದ ಜಾಗ, ಗೋಶಾಲೆಯ ಅಂಗಳ, ಧರ್ಮಶಾಲೆಯ ಹಿಂದಿನ ಖಾಲಿ ನೆಲ, ಇವು ಸರಿ. ಜೊತೆಗೆ ಬೇವು, ಹೊಂಗೆ, ಬನ್ನಿ, ಎಲಚಿ ಇರಲಿ.

ನೆಡುವ ಖರ್ಚು ಅಲ್ಪ, ಉಳಿಸುವ ಖರ್ಚೇ ದೊಡ್ಡದು. ಮಾಗಡಿ ತಾಲ್ಲೂಕಿನ ಹುಲಿಕಲ್–ಕುದೂರು ದಾರಿಗೆ ಹೋದವರು ಸಾಲುಮರದ ತಿಮ್ಮಕ್ಕನವರ ಆಲಗಳನ್ನು ನೋಡಿರಬಹುದು. ಅವರು 2025ರ ನವೆಂಬರಿನಲ್ಲಿ ತೀರಿಕೊಂಡರು. ಓದುಬರಹವಿಲ್ಲದ ಕೂಲಿ ದಂಪತಿಗಳು, 385 ಮರ. ಗಂಡ ಹೆಂಡತಿ ಕೊಡದಲ್ಲಿ ನೀರು ಹೊತ್ತರು, ದನ ಬಾಯಿ ಹಾಕದಂತೆ ಮುಳ್ಳು ಕಟ್ಟಿದರು.

ನಾವು ಕೆಲವು ಮನೆಯವರು ಸೇರಿ ಈ ಮಳೆಗಾಲಕ್ಕೆ ಹನ್ನೆರಡೇ ಆಲದ ಗೂಟ ನೆಡುವುದೆಂದು ಮಾತಾಡಿಕೊಂಡಿದ್ದೇವೆ. ಎರಡು ಬೇಸಿಗೆ ನೀರಿನ ಪಾಳಿಯನ್ನು ಅಂಗಡಿವಾರು ಬರೆದಿಟ್ಟಿದ್ದೇವೆ. ಫಲಕವಿಲ್ಲ. ಬೇಲಿಗೆ ಮುಳ್ಳು ಕೊಳ್ಳಬೇಕಾಗಿಲ್ಲ, ಅಲ್ಲೇ ಬೇಕಾದಷ್ಟು ಬಳ್ಳಾರಿ ಜಾಲಿ ನಿಂತಿದೆ.