ಹೆದ್ದಾರಿಯ ಆ ತುದಿಯಲ್ಲೊಂದು ಚೆಲ್ಲೊ

ನಮ್ಮ ಆದಿವಾಲವನ್ನು ಮುಟ್ಟಿಕೊಂಡು ಹೋಗುವ ಹೆದ್ದಾರಿಯ ಸಂಖ್ಯೆ 48. ಒಂದು ದಿಕ್ಕಿಗೆ ಬೆಂಗಳೂರು. ಇನ್ನೊಂದು ದಿಕ್ಕಿಗೆ ಚಿತ್ರದುರ್ಗ, ಹುಬ್ಬಳ್ಳಿ, ಕೊಲ್ಹಾಪುರ, ಪುಣೆ ದಾಟಿದರೆ ಮುಂಬೈ. ಈರುಳ್ಳಿ ಲಾರಿಗಳು ಓಡುವ ಈ ದಾರಿಯಲ್ಲೇ ನಾನು ಚೆಲ್ಲೊ ಕೇಳಲು ಹೊರಟಿದ್ದೇನೆ. ನಮ್ಮೂರ ಹುಡುಗರಿಗೆ ತಬಲ, ಹಾರ್ಮೋನಿಯಂ, ಕೀಬೋರ್ಡು ಗೊತ್ತು. ಕೂತವರ ಎದೆಗೊರಗಿ ನಿಲ್ಲುವ ಈ ದೊಡ್ಡ ವಾದ್ಯವನ್ನೇ ನಂಬಿ ಬದುಕುವವರು ಆ ಮಟ್ಟಕ್ಕೆ ಹೇಗೆ ತಲುಪುತ್ತಾರೆ ಎಂದು ನೋಡುವ ಆಸೆ.

ಸ್ಲೀಪರ್ ಬಸ್ಸು ನಮ್ಮೂರಲ್ಲಿ ನಿಲ್ಲದು, ಹಿರಿಯೂರಿಗೆ ಹೋಗಿಯೇ ಹತ್ತಬೇಕು. ಮಾರಿಕಣಿವೆಯ ನೀರಿನ ಮಾತು ಕೇಳುತ್ತಾ ಬಸ್ಸಿಗೆ ಕಾಯುತ್ತೇನೆ. ಅಲ್ಲಿಯ ಅಣೆಕಟ್ಟಿಗೆ ಹೆಸರು ಕೊಟ್ಟ ಮೈಸೂರು ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಮೊಮ್ಮಗ ಜಯಚಾಮರಾಜ ಒಡೆಯರ್. ಲಂಡನ್ನಿನ ಫಿಲ್ಹಾರ್ಮೋನಿಯಾ ಆರ್ಕೆಸ್ಟ್ರಾವನ್ನು ಪೋಷಿಸಿದವರು ಅವರು. 1950ರ ಮೇ 22ರಂದು ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳು ಮೊದಲ ಬಾರಿಗೆ ವೇದಿಕೆ ಕಂಡದ್ದು, ಅವರು 4,800 ಡಾಲರಿನ ಖಾತರಿ ಕೊಟ್ಟದ್ದರಿಂದ. ನಾವು ಕುಡಿಯುವ ನೀರಿಗೂ ಆ ಸಂಗೀತಕ್ಕೂ ಇಂಥ ನೆಂಟಸ್ತಿಕೆ!

ದುರ್ಗದ ಗುಡ್ಡದ ಗಾಳಿಯಂತ್ರಗಳು ಕತ್ತಲಲ್ಲಿ ಕರಗುತ್ತವೆ. ನನ್ನ ಬರ್ತು ಸರಿಯಾಗಿ ಹಿಂಬದಿಯ ಚಕ್ರದ ಮೇಲೆ. ಹಾವೇರಿಯ ಪ್ರತಿ ಹಂಪೂ ಬೆನ್ನಿಗೆ ಪರಿಚಯವಾಗುತ್ತದೆ.

ಮುಂಬೈಯ ನರಿಮನ್ ಪಾಯಿಂಟ್. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಎನ್‌ಸಿಪಿಎ ಎಂಬ ಪ್ರದರ್ಶನ ಕಲೆಗಳ ಕೇಂದ್ರ. ಇಲ್ಲಿಯ ಜಮ್‌ಶೆಡ್ ಭಾಭಾ ರಂಗಮಂದಿರದ ಅಮೃತಶಿಲೆಯ ಮೆಟ್ಟಿಲುಗಳನ್ನು ಪೆಟಿಟ್ ಹಾಲ್ ಎಂಬ ಹಳೆಯ ಬಂಗಲೆಯಿಂದ ತಂದು ಜೋಡಿಸಿದ್ದಾರೆ. ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ 2006ರಲ್ಲಿ ಹುಟ್ಟಿದ್ದು ಇಲ್ಲೇ. ಕಟ್ಟಿದವರು ಖುಶ್ರೂ ಸಂತೂಕ್ ಮತ್ತು ಕಜಾಕಸ್ತಾನದ ಪಿಟೀಲುವಾದಕ ಮರಾತ್ ಬಿಸೆಂಗಲೀವ್. ಇಂದಿಗೂ ಬಹಳಷ್ಟು ವಾದಕರು ಹೊರದೇಶದವರೇ. ಇಲ್ಲಿಯವರನ್ನೇ ಬೆಳೆಸಬೇಕೆಂದು 2012ರಲ್ಲಿ ಮಕ್ಕಳ ತರಬೇತಿ ಶುರುವಾಯಿತು. ನನಗೆ ಆರ್ಕೆಸ್ಟ್ರಾಕ್ಕಿಂತ ದೊಡ್ಡ ಕೆಲಸ ಅದೇ ಅನ್ನಿಸುತ್ತದೆ.

ಒಳಗೆ ಎ.ಸಿ. ಚಳಿ. ಬೀಥೋವನ್‌ನ ಐದನೇ ಸಿಂಫನಿ. ಎಲ್ಲರಿಗೂ ಗೊತ್ತಿರುವ ಆ ನಾಲ್ಕು ಪೆಟ್ಟಿನ ಅಬ್ಬರದ ಮೊದಲ ಭಾಗ ಮುಗಿಯುತ್ತದೆ. ನಮ್ಮ ಕಛೇರಿಯಲ್ಲಾದರೆ ಆಗಲೇ 'ಭೇಷ್' ಬಿದ್ದಿರುತ್ತಿತ್ತು. ಇಲ್ಲಿ ಇಡೀ ಸಿಂಫನಿ ಮುಗಿಯುವವರೆಗೆ ಒಬ್ಬರೂ ಚಪ್ಪಾಳೆ ತಟ್ಟುವುದಿಲ್ಲ. ಎರಡನೇ ಭಾಗ ತೆರೆದುಕೊಳ್ಳುವುದೇ ವಯೋಲಾ, ಚೆಲ್ಲೊಗಳ ದನಿಯಲ್ಲಿ. ಎಷ್ಟೊಂದು ಬಿಲ್ಲುಗಳು ಒಟ್ಟಿಗೆ ಏರುತ್ತವೆ, ಒಟ್ಟಿಗೆ ಇಳಿಯುತ್ತವೆ! ಇಬ್ಬಿಬ್ಬರಿಗೆ ಒಂದೊಂದು ಸ್ಟ್ಯಾಂಡು. ಒಳಗಡೆ ಕೂತವರು ಚಕ್ಕನೆ ನುಡಿಸುವುದನ್ನು ಬಿಟ್ಟು ಹಾಳೆ ಮಗುಚಿ, ಮತ್ತೆ ಅದೇ ಸ್ವರಕ್ಕೆ ಸೇರಿಕೊಳ್ಳುತ್ತಾರೆ. ಸೇರಿಕೊಂಡದ್ದು ಕಿವಿಗೆ ತಿಳಿಯುವುದೇ ಇಲ್ಲ.

ವಿರಾಮದಲ್ಲಿ ಮೆಟ್ಟಿಲ ಬಳಿ ಕನ್ನಡ ಕೇಳಿಸುತ್ತದೆ. ಬೆಂಗಳೂರಿನ ಹುಡುಗಿ, ಚೆಲ್ಲೊ ಕಲಿಯುತ್ತಿದ್ದಾಳೆ. ಎಡಗೈ ಬೆರಳು ತೋರಿಸುತ್ತಾಳೆ: ತುದಿಗಳೆಲ್ಲ ಗಟ್ಟಿ ಜಡ್ಡು. "ದಿನಾ ನಾಲ್ಕೈದು ಗಂಟೆ ಸಾಧನೆ ಅಂಕಲ್. ಬರೀ ಸ್ಕೇಲೇ ಒಂದು ಗಂಟೆ." ನಾಲ್ಕು ತಂತಿ, ಒಂದರಿಂದ ಇನ್ನೊಂದಕ್ಕೆ ಸ–ಪ ಅಂತರವಂತೆ. ಬಾಖ್‌ನ ಆರು ಸೂಟ್‌ಗಳು, ಹೈಡನ್‌ನ ಕಾನ್ಚೆರ್ಟೊ, ಆಮೇಲೆ ಆರ್ಕೆಸ್ಟ್ರಾದ ಆಡಿಷನ್. ಎಷ್ಟೋ ದೇಶಗಳಲ್ಲಿ ಪರದೆಯ ಹಿಂದೆ ಕೂರಿಸಿ ನುಡಿಸಲು ಹೇಳುತ್ತಾರೆ. ಯಾರು, ಎಲ್ಲಿಯವರು ಎಂಬುದು ತೀರ್ಪುಗಾರರಿಗೆ ಕಾಣಬಾರದು. ಈಗಷ್ಟೇ ಕೇಳಿದ ಆ ಎರಡನೇ ಭಾಗವನ್ನು ಅಲ್ಲಿ ಕೇಳಿಯೇ ಕೇಳುತ್ತಾರಂತೆ. ವಿಮಾನದಲ್ಲಿ ಹೋಗುವುದಾದರೆ ಚೆಲ್ಲೊಗೂ ಒಂದು ಸೀಟು, ಒಂದು ಟಿಕೆಟ್ಟು. ಅವಳಪ್ಪ ಪಕ್ಕದಲ್ಲೇ ನಿಂತು ತಲೆಯಾಡಿಸುತ್ತಾರೆ.

"ಹಳ್ಳಿ ಮಗು ಎಲ್ಲಿಂದ ಶುರುಮಾಡಬೇಕಮ್ಮ?" ಎಂದು ಕೇಳುತ್ತೇನೆ.

"ಮೊದಲು ಹಾಡಿಸಿ ಅಂಕಲ್, ಕಿವಿ ಶ್ರುತಿಗೆ ಬರಲಿ. ಬೆಂಗಳೂರಲ್ಲಿ ಮೇಷ್ಟ್ರು ಸಿಗ್ತಾರೆ. ಮಕ್ಕಳಿಗೆ ಅರ್ಧ ಸೈಜು, ಕಾಲು ಸೈಜಿನ ಚೆಲ್ಲೊನೂ ಇರುತ್ತೆ."

ನನ್ನ ತಂಗಿಯ ಮೊಮ್ಮಗಳಿಗೆ ಏಳು ವರ್ಷ. ಕಾಲು ಸೈಜು ಸಾಕಾಗುತ್ತದೆಯೇ ಎನ್ನುವಷ್ಟರಲ್ಲಿ ಗಂಟೆ ಬಾರಿಸುತ್ತದೆ. "ಅವಳ ಕೈ ಅಳತೆ ತಗೊಂಡು ಬನ್ನಿ!" ಎನ್ನುತ್ತಾ ಹುಡುಗಿ ಒಳಗೆ ಓಡುತ್ತಾಳೆ.