ಇಸುಬು, ಅಮ್ಮ ಮತ್ತು ಕೊಬ್ಬರಿ ಎಣ್ಣೆ

ರಾತ್ರಿ ಎರಡು ಗಂಟೆಗೆ ಕರ್ ಕರ್ ಸದ್ದು. ಇಲಿಯಲ್ಲ, ಮಗಳು ಮೊಣಕಾಲ ಹಿಂದೆ ಕೆರೆದುಕೊಳ್ಳುತ್ತಿದ್ದದ್ದು. ಇಸುಬು. ಮುಲಾಮು ಹಚ್ಚಿದರೆ ಮಾಯ, ಬಿಟ್ಟರೆ ಮತ್ತೆ ಹಾಜರ್!

ಕಳೆದ ಚಳಿಗಾಲದಲ್ಲಿ ರೋಸಿಹೋಗಿ, ಸ್ಟೀರಾಯ್ಡ್ ಸಹವಾಸವೇ ಬೇಡ ಅಂತ ಡಾಕ್ಟರಿಗೂ ಹೇಳದೆ ಮುಲಾಮು ನಿಲ್ಲಿಸಿಬಿಟ್ಟೆ. ಬೇವಿನ ಸೊಪ್ಪು, ಅರಿಶಿನ ಅರೆದು ಬಳಿದೆ. ಕೆರೆದು ಒಡೆದಿದ್ದ ಚರ್ಮ... ಅವಳು ಕಿರುಚಿದ್ದು ಇನ್ನೂ ಕಿವಿಯಲ್ಲಿದೆ. ಮೂರನೇ ದಿನಕ್ಕೆ ಕೀವು.

ಊರಿಂದ ಬಂದ ಅಮ್ಮ ನೋಡಿದವಳೇ, "ಹಸಿ ಗಾಯಕ್ಕೆ ಯಾರಾದ್ರೂ ಬೇವು ಹಚ್ತಾರೇನೇ?" ಅಂತ ಬೈದಳು.

ಡಾಕ್ಟರು ಕೀವು ವಾಸಿ ಮಾಡಿದರು. ಆಮೇಲೆ ಅಮ್ಮನ ಒತ್ತಾಯಕ್ಕೆ ಒಬ್ಬ ವೈದ್ಯರ ಹತ್ತಿರ ಹೋದೆವು. ಚರಕ ಸಂಹಿತೆಯ 18 ಕುಷ್ಠಗಳಲ್ಲಿ ಇದು 'ವಿಚರ್ಚಿಕಾ' ಅಂದರು. ಕುಷ್ಠ ಅಂದ ಕೂಡಲೇ ಎದೆ ಧಸಕ್ಕೆಂದಿತು. ಅಲ್ಲಿ ಚರ್ಮರೋಗಗಳಿಗೆಲ್ಲ ಅದೇ ಹೆಸರಂತೆ!

ಲೇಹ್ಯ, ಭಸ್ಮ ಏನೂ ಕೊಡಲಿಲ್ಲ. "ಡಾಕ್ಟರ ಮುಲಾಮು ಅವರನ್ನ ಕೇಳದೆ ನಿಲ್ಲಿಸಬೇಡಿ. ಉಗುರುಬೆಚ್ಚನೆ ನೀರಲ್ಲಿ ಬೇಗ ಸ್ನಾನ, ಮೈ ಒದ್ದೆಯಿರುವಾಗಲೇ ಕೊಬ್ಬರಿ ಎಣ್ಣೆ. ಉಗುರು ಕತ್ತರಿಸಿ" ಅಂದರು, ಅಷ್ಟೇ.

ಇಷ್ಟಕ್ಕೆ ಇಲ್ಲಿಗೆ ಬರಬೇಕಿತ್ತಾ ಅನ್ನಿಸಿತು. ಆಮೇಲೆ ಓದಿದೆ: ಫಿಲಿಪೈನ್ಸ್‌ನಲ್ಲಿ ಇಸುಬಿರುವ 117 ಮಕ್ಕಳಿಗೆ 8 ವಾರ ಎಣ್ಣೆ ಹಚ್ಚಿ ನೋಡಿದಾಗ, ಮಿನರಲ್ ಆಯಿಲ್‌ಗಿಂತ ವರ್ಜಿನ್ ಕೊಬ್ಬರಿ ಎಣ್ಣೆಯೇ ಹೆಚ್ಚು ಗುಣ ಕೊಟ್ಟಿತ್ತಂತೆ.

ಪೂರ್ತಿ ಹೋಗಿಲ್ಲ. ಚಳಿ ಶುರುವಾದರೆ ಸ್ವಲ್ಪ ಕೆಂಪಾಗುತ್ತೆ, ಆಗ ಮುಲಾಮೂ ಬೇಕು. ಆದರೆ ರಾತ್ರಿ ಎರಡು ಗಂಟೆಗೆ ಈಗ ಕೇಳಿಸುವುದು ಅಮ್ಮನ ಗೊರಕೆ ಮಾತ್ರ :)