ಅಮ್ಮನ ಒಲೆಯ ಮೀಥೇನು

‘ನೀನು ಓದ್ತಿರೋದಾದ್ರೂ ಏನು?’ ಊರಿಗೆ ಹೋದಾಗಲೆಲ್ಲ ಅಮ್ಮ ಕೇಳುತ್ತಿದ್ದಳು. ‘ರಾಕೆಟ್ಟು’ ಎಂದಷ್ಟೇ ಹೇಳಿ ಮಾತು ಮುಗಿಸುತ್ತಿದ್ದೆ. ರಾಕೆಟ್ ಎಂಜಿನ್ನಿನಲ್ಲಿ ಮೀಥೇನ್ ಹೇಗೆ ಉರಿಯುತ್ತದೆ ಎನ್ನುವುದು ನನ್ನ ಪಿಎಚ್‌ಡಿ ವಿಷಯ. ಅದನ್ನೆಲ್ಲ ಅವಳಿಗೆ ಹೇಗೆ ಹೇಳುವುದು ಅಂದುಕೊಂಡಿದ್ದೆ.

ನಿಜ ಹೇಳಬೇಕೆಂದರೆ, ಅವಳಷ್ಟು ವರ್ಷ ಮೀಥೇನ್ ಉರಿಸಿದವರು ನಮ್ಮ ಲ್ಯಾಬಿನಲ್ಲಿ ಯಾರೂ ಇಲ್ಲ.

ಶಿರಸಿ ಹತ್ತಿರದ ನಮ್ಮ ಮನೆಯ ಕೊಟ್ಟಿಗೆ ಹಿಂದೆ ಗೋಬರ್ ಗ್ಯಾಸಿನ ಗುಂಡಿಯಿತ್ತು. ಬೆಳಿಗ್ಗೆ ಸಗಣಿಗೆ ನೀರು ಹಾಕಿ ಕಲಸಿ ಗುಂಡಿಗೆ ಬಿಡುವುದು ನನ್ನ ಕೆಲಸ. ಎಷ್ಟು ಸೋಪು ಹಚ್ಚಿದರೂ ವಾಸನೆ ಹೋಗುತ್ತಿರಲಿಲ್ಲ. ಒಮ್ಮೆ ತರಗತಿಯಲ್ಲಿ ಪಕ್ಕದವನು ಮೂಗು ಮುಚ್ಚಿಕೊಂಡ. ಹಾಸ್ಟೆಲ್ಲಿಗೆ ಬಂದಮೇಲೆ ಆ ಗುಂಡಿಯ ಸುದ್ದಿಯನ್ನೇ ಯಾರಲ್ಲೂ ಎತ್ತಲಿಲ್ಲ.

ಲ್ಯಾಬಿನ ಮೀಥೇನ್ ಸಿಲಿಂಡರಿನಲ್ಲಿ ಬರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ರಾಕೆಟ್ಟಿಗೆ ಇದೇ ಯಾಕೆ? ಹೈಡ್ರೋಜನ್ ಬಲಶಾಲಿ, ಆದರೆ ದ್ರವವಾಗಿಡಲು ಮೈನಸ್ 253 ಡಿಗ್ರಿ ಬೇಕು. ತೀರಾ ಹಗುರವಾದ್ದರಿಂದ ಟ್ಯಾಂಕೂ ದೊಡ್ಡದಾಗಬೇಕು. ಸೀಮೆಎಣ್ಣೆಯನ್ನು ಸಂಭಾಳಿಸುವುದು ಸುಲಭ, ಆದರೆ ಎಂಜಿನ್ನಿನೊಳಗೆ ಮಸಿ ಕಟ್ಟುತ್ತದೆ. ಒಂದೇ ಎಂಜಿನ್ನನ್ನು ಮತ್ತೆ ಮತ್ತೆ ಹಾರಿಸುವವರಿಗೆ ಅದು ತಲೆನೋವು. ಮೀಥೇನ್ ಸುಮಾರು ಮೈನಸ್ 161 ಡಿಗ್ರಿಯಲ್ಲೇ ದ್ರವವಾಗುತ್ತದೆ, ಮಸಿಯೂ ಬಹಳ ಕಡಿಮೆ. 2023ರ ಜುಲೈಯಲ್ಲಿ ಚೀನಾದ ಝುಕ್ಯೂ-2 ಮೀಥೇನ್ ಉರಿಸಿಕೊಂಡು ಕಕ್ಷೆ ತಲುಪಿದ ಮೊದಲ ರಾಕೆಟ್ ಆಯಿತು.

ಅದೇ ವರ್ಷ ಡಿಸೆಂಬರಿನಲ್ಲಿ ಒಂದು ವಿಡಿಯೋ ನೋಡಿದೆ. ಜಪಾನಿನ ಹೊಕ್ಕೈಡೊದಲ್ಲಿ ತೈಕಿ ಎಂಬ ಊರು. ಸುತ್ತ ಹೈನುಗಾರರು. ಅಲ್ಲಿ ಇಂಟರ್‌ಸ್ಟೆಲ್ಲರ್ ಟೆಕ್ನಾಲಜೀಸ್ ಎಂಬ ಕಂಪನಿ ತನ್ನ ‘ಝೀರೋ’ ರಾಕೆಟ್ಟಿನ ಎಂಜಿನ್ನನ್ನು ನೆಲದ ಮೇಲೆ 10 ಸೆಕೆಂಡು ಉರಿಸಿ ನೋಡಿತು. ಇಂಧನ, ಹಸುವಿನ ಸಗಣಿಯಿಂದ ತೆಗೆದ ಗ್ಯಾಸನ್ನು ಶುದ್ಧಮಾಡಿ ದ್ರವವಾಗಿಸಿದ ಮೀಥೇನ್.

ಆ ವಿಡಿಯೋವನ್ನು ಎಷ್ಟು ಸಲ ನೋಡಿದೆನೋ. ಕೊನೆಗೆ ಅಮ್ಮನಿಗೆ ಫೋನ್ ಮಾಡಿದೆ.

‘ಎಷ್ಟು ದನ ಇದಾವಂತೆ ಅವ್ರಿಗೆ?’ ಅಂದಳು ಮೊದಲು. ನಮ್ಮಲ್ಲಿ ಈಗ ಉಳಿದಿರುವುದು ಒಂದೇ ಹಸು. ಗುಂಡಿ ಒಣಗಿ ಮೂರು ವರ್ಷವಾಯಿತು.

ಆಮೇಲೆ ‘ನಿನ್ನ ಕೆಲಸ ಹೇಗೆ ನಡೀತಿದೆ?’ ಅಂದಳು. ನಡೆಯುತ್ತಿರಲಿಲ್ಲ. ಬರ್ನರಿನಲ್ಲಿ ಉರಿ ನಿಲ್ಲದೆ ತಿಂಗಳುಗಳಾಗಿದ್ದವು. ಈ ಸಲ ರಾಕೆಟ್ಟು ಎಂದು ತೇಲಿಸದೆ ಅದನ್ನೇ ಹೇಳಿದೆ.

‘ಗ್ಯಾಸು ಜೋರಾಗಿ ಬಿಟ್ರೆ ಉರಿ ಒಲೆ ಬಿಟ್ಟು ಮೇಲೆ ಹಾರತ್ತಲ್ಲ, ಅದೇನಾ?’

‘ಅದೇ ಅಮ್ಮ,’ ಅಂದೆ. ನನ್ನ ಪ್ರಬಂಧದ ಒಂದಿಡೀ ಅಧ್ಯಾಯ ಅದರ ಮೇಲಿದೆ.

‘ನಮ್ಮ ಒಲೇಲೂ ಹಾಗೇ ಆಗ್ತಿತ್ತು’ ಎಂದು ಅವಳು ಹೇಳತೊಡಗಿದಳು. ನಾನು ಪೆನ್ನು ಹುಡುಕಿದೆ.